ಪಂಚಮಿಗೆ ಡಬಲ್ ಸೀಟ್

ನಮ್ಮ ಮನೆಯವರು ಪೊಲೀಸ್ ಖಾತೆಯಲ್ಲಿದ್ದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಹುರುಪೂ ನನಗಿಲ್ಲ. ಪೊಲೀಸ್ ಅಂದ ಕೂಡಲೇ ಫೌಜದಾರರೋ ಜಮಾದಾರರೋ ಅಂದುಕೊಳ್ಳಬೇಡಿ, ಸಾದಾ ಕಾನ್‌ಸ್ಟೇಬಲ್. ಎಪ್ಪತ್ತರ ದಶಕದಲ್ಲಿ ಹಳೇ ಬಾಗಲಕೋಟೆಯ ಪೇಟೆ ಚೌಕದಲ್ಲಿ ನಿಂತು ಕೈ ಎತ್ತುವುದು, ಕೈ ಇಳಿಸುವುದು ಅವರ ಕೆಲಸ. ಅವರ ಖಾಕಿ ಬಟ್ಟೆಗೆ ಗಂಜಿ ಹಾಕಿ, ಕೆಂಡದ ಇಸ್ತ್ರಿ ತಿಕ್ಕಿ, ಅಂಚು ಕೈಗೆ ಚುಚ್ಚುವಂತೆ ಮಾಡಿ ಕೊಡುವುದು ನನ್ನ ಕೆಲಸ. ಆ ಚೌಕದ ಅಂಗಡಿಸಾಲು ಆಮೇಲೆ ಅಣೆಕಟ್ಟಿನ ಹಿನ್ನೀರಿನ ಪಾಲಾಯಿತು. ನಾವೆಲ್ಲ ಹೊಸ ಊರಿಗೆ ಬಂದೆವು.

ಆಗ ಬೀದಿಯ ಕಾನೂನು ದೊಡ್ಡದೇನಲ್ಲ. ಸೈಕಲ್ಲಿನ ಮೇಲೆ ಇಬ್ಬರು ಕೂಡಬಾರದು, ಮೋಟಾರಿನ ಫಟಫಟಿಯ ಮೇಲೆ ಮೂವರು ಕೂಡಬಾರದು, ಕತ್ತಲಾದ ಮೇಲೆ ದೀಪವಿಲ್ಲದೆ ಹೋಗಬಾರದು. ತಪ್ಪಿದರೆ ಚಲಾನು, ಕೋರ್ಟು ಅಂತ ಯಾರೂ ಹೋಗುತ್ತಿರಲಿಲ್ಲ. ಪೊಲೀಸರು ಚಕ್ರದ ವಾಲ್ ಬಿಚ್ಚಿ ಗಾಳಿ ಬಿಡುತ್ತಿದ್ದರು, ಸವಾರ ಸೈಕಲ್ ತಳ್ಳಿಕೊಂಡು ಪಂಪಿನ ಅಂಗಡಿಗೆ ಹೋಗುತ್ತಿದ್ದ, ಅಲ್ಲಿಗೆ ಮುಗಿಯಿತು. ಆದರೆ ಗಾಳಿ ಹೋಗುತ್ತಿದ್ದುದು ಯಾರದ್ದು? ಹತ್ತಿ ಅಂಡಿಗೆ ಹೊರುವ ಹಮಾಲರದ್ದು, ನೇಕಾರರದ್ದು, ಸಂತೆಗೆ ಮೆಣಸಿನಕಾಯಿ ತಂದ ರೈತರದ್ದು. ಫಟಫಟಿಯ ಮೇಲೆ ಮೂವರು ಕೂತು, ಬೀಡಾ ಜಗಿಯುತ್ತ ಬಂದರೆ ಅದೇ ಪೊಲೀಸರ ಕೈ ಹಣೆಗೆ ಹೋಗುತ್ತಿತ್ತು. ‘ಸೈಕಲ್ಲಿಗೆ ಲಗಾಮ, ಫಟಫಟಿಗೆ ಸಲಾಮ’ ಅಂತ ಪೇಟೆಯಲ್ಲಿ ಒಂದು ಮಾತೇ ಇತ್ತು. ಬಡವನ ಕೋಪ ದವಡೆಗೆ ಮೂಲ ಅಂತ ಹಮಾಲರು ಆ ಮಾತನ್ನೂ ಮೆಲ್ಲಗೇ ಆಡುತ್ತಿದ್ದರು.

ನಮ್ಮವರಿಗೆ ಇದು ಆಗಿಬರುತ್ತಿರಲಿಲ್ಲ. ಅವರದು ಮಾತು ಕಡಿಮೆ, ಹಟ ಜಾಸ್ತಿ. ಮದುವೆಯಾದ ಹೊಸತರಲ್ಲಿ ನನಗೆ ಅವರು ಮೊಂಡರು ಅಂತಲೇ ಅನ್ನಿಸಿತ್ತು. ಒಮ್ಮೆ ಊಟಕ್ಕೆ ಕೂತಾಗ ಕೇಳಿದೆ: "ಎಲ್ಲಾರೂ ಸುಮ್ಮ ಬಿಡ್ತಾರ, ನಿಮಗಷ್ಟ ಯಾಕ್ರಿ ಈ ಉಸಾಬರಿ?"

"ಗಾಳಿ ಎಲ್ಲಾರ ಗಾಲ್ಯಾಗೂ ಒಂದ ಐತಿ" ಅಂದರು. ಅಷ್ಟು ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಒಂದು ದಿನ ಹತ್ತಿ ದಲಾಲಿಯ ಅಡತಿ ಅಂಗಡಿಯ ಸಾಹುಕಾರರ ಮಗ ಗೆಳೆಯರಿಬ್ಬರನ್ನು ಹಿಂದೆ ಕೂರಿಸಿಕೊಂಡು ಫಟಫಟಿಯಲ್ಲಿ ಬಂದ. ಇವರು ಕೈ ಅಡ್ಡ ಹಿಡಿದು ಮೂವರನ್ನೂ ಇಳಿಸಿ, ಹಮಾಲನ ಸೈಕಲ್ಲಿಗೆ ಮಾಡುವಂತೆಯೇ ಗಾಳಿ ಬಿಟ್ಟರಂತೆ. ಅಷ್ಟು ತೂಕದ ಗಾಡಿಯನ್ನು ಆ ಹುಡುಗರು ಉಸ್ಸೆಂದು ತಳ್ಳಿಕೊಂಡು ಹೋಗಿದ್ದನ್ನು ಪೇಟೆಯೆಲ್ಲ ನಿಂತು ನೋಡಿತಂತೆ. ಸಾಯಂಕಾಲದೊಳಗೆ ಫೌಜದಾರರು ಕರೆಸಿ ಬೈದರು. ಬೈಗುಳ ಇವರಿಗೆ ಹೊಸದಲ್ಲ. ಆದರೆ ಮರುದಿನ ಸಾಹುಕಾರರು ತಮ್ಮ ಅಂಗಡಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಅಂದರಂತೆ:

"ಮಂದೀದು ಗಾಳಿ ತಗಿಯೂದು ಯಾರಿಗೂ ಬರ್ತೈತಿ. ನಿನ್ನ ಮನಿಯವರು ಡಬಲ್ ಸೀಟ್ ಬಂದಾಗ ಏನ್ ಮಾಡ್ತಿ, ನೋಡೂಣು."

"ಬಂದಾಗ ಬಂದು ನೋಡ್ರಿ ಸಾವಕಾರ್ರ" ಅಂದರಂತೆ ಇವರು.

ಇದನ್ನೆಲ್ಲ ನನಗೆ ಹೇಳಿದ್ದು ನಾವಿದ್ದ ಪೊಲೀಸ್ ಲೈನಿನ ಮನೆಗಳ ಹೆಂಗಸರು. ನಾನು ನಕ್ಕುಬಿಟ್ಟೆ. ಇವರ ಮನೆಯವರು ಅಂದರೆ ಯಾರು? ನಾನೊಬ್ಬಳು. ನಾನು ಯಾಕೆ ಡಬಲ್ ಸೀಟ್ ಹೋಗಲಿ?

ಶ್ರಾವಣ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಕರೆದರೇ ಹೋಗಬೇಕು. ಕರೆಯದೆ ಹೋದರೆ ಹೋದವಳಿಗೂ ಹಗುರ, ತವರಿಗೂ ಹಗುರ. ನನ್ನ ತವರು ಕಮತಗಿ. ಅಪ್ಪ ತೀರಿಕೊಂಡಿದ್ದ. ನನ್ನನ್ನು ಕರೆಯಲು ಬರುವವನು ಈ ಭೂಮಿಯ ಮೇಲೆ ಒಬ್ಬನೇ, ನನ್ನ ತಮ್ಮ. ಅವನೋ ಸಿಟ್ಟಿನ ಮನುಷ್ಯ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ವರ್ಷ ಹೊಸ ಸೈಕಲ್ ಕೊಂಡಿದ್ದ, ಅದರ ಹ್ಯಾಂಡಲ್ಲಿಗೆ ಬಣ್ಣದ ಗೊಂಡೆ ಕಟ್ಟಿದ್ದ. ಬಸ್ಸಿನಲ್ಲಿ ಹೋಗೋಣ ಅಂದರೆ ಕೇಳಲಿಲ್ಲ. ಅಕ್ಕನನ್ನು ಹೊಸ ಸೈಕಲ್ ಮೇಲೆ ಕೂರಿಸಿಕೊಂಡು ಊರೊಳಗೆ ಹೋಗಬೇಕು ಅನ್ನುವುದು ಅವನ ಆಸೆ.

ನಾನು ಇಳಕಲ್ ಸೀರೆ ಉಟ್ಟು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಕ್ಯಾರಿಯರ್ ಮೇಲೆ ಕೂತೆ. ಡಬಲ್ ಸೀಟ್ ಹೋಗುವವರು ಚೌಕ ಬರುವ ಮೊದಲೇ ಇಳಿದು, ನಾಲ್ಕು ಹೆಜ್ಜೆ ನಡೆದು, ಪೊಲೀಸರ ಕಣ್ಣು ದಾಟಿದ ಮೇಲೆ ಮತ್ತೆ ಹತ್ತುವುದು ಊರಿಗೆಲ್ಲ ಗೊತ್ತಿದ್ದ ಉಪಾಯ. ನಾನೂ ಅದನ್ನೇ ಹೇಳಿದೆ.

"ಇಲ್ಲೇ ಇಳಸೋ. ಚೌಕ ನಡಕೊಂಡು ದಾಟೂಣು."

"ಮಾವ ನಿಂತಾನ ಅಂದಮ್ಯಾಲೆ ನಮ್ಮನ್ನ ಹಿಡಿಯಾವ ಯಾಂವ? ನೀ ಸುಮ್ಮ ಕೂಡ ಅಕ್ಕಾ" ಅಂದ. ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಅಂತಲೇ ಅನ್ನುವುದು.

ಇನ್ನೊಬ್ಬ ಪೊಲೀಸ್ ಇದ್ದಿದ್ದರೆ ಇಳಿಯುತ್ತಿದ್ದ. ನಮ್ಮವರು ನಿಂತಿದ್ದಾರೆ ಅಂತಲೇ ಇಳಿಯಲಿಲ್ಲ. ಸಂಬಂಧ ಅಂದರೆ ಅದಕ್ಕೇ ಅಲ್ಲವೇ ಅಂತ ನಮ್ಮ ಮಂದಿಯ ಲೆಕ್ಕಾಚಾರ. ನನಗೂ ಒಳಗೊಳಗೇ ಅದು ಸರಿ ಅನ್ನಿಸಿತೋ ಏನೋ, ಸುಮ್ಮನೆ ಕೂತೆ.

ಹಬ್ಬದ ಪೇಟೆ ತುಂಬಿತ್ತು. ನಮ್ಮವರು ದೂರದಿಂದಲೇ ನೋಡಿದರು. ಕೈ ಎತ್ತಿದರು. ನನ್ನ ತಮ್ಮ ಹಲ್ಲು ಕಿರಿದು ಸೈಕಲ್ ನಿಲ್ಲಿಸಿ, "ಮಾವ, ಹಬ್ಬಕ್ಕ ನೀವೂ ಬರಬೇಕ ನೋಡ್ರಿ" ಅಂದ. ಮಾತಾಡಿಸಲಿಕ್ಕೆ ನಿಲ್ಲಿಸಿದ್ದಾರೆ ಅಂದುಕೊಂಡಿದ್ದ ಪಾಪ.

"ಇಳೀರಿ" ಅಂದರು.

ತಮ್ಮನ ನಗು ಹಾಗೇ ಉಳಿಯಿತು. ಅಂಗಡಿಯ ಕಟ್ಟೆಯ ಮೇಲಿದ್ದ ಸಾಹುಕಾರರು ತಕ್ಕಡಿ ಬಿಟ್ಟು ಎದ್ದು ನಿಂತರು. ಮಗ ಅವರ ಬಗಲಲ್ಲೇ ಇದ್ದ. ಹಮಾಲರು ಹೊರೆ ಇಳಿಸಿದರು. ನಾನು ಗಂಡನ ಮುಖ ನೋಡಿದೆ. ಕಣ್ಣು ನನ್ನ ಮೇಲಿರಲಿಲ್ಲ, ಸೈಕಲ್ಲಿನ ಚಕ್ರದ ಮೇಲಿತ್ತು. ಅತ್ತ ದರಿ, ಇತ್ತ ಪುಲಿ. ಬಿಟ್ಟರೆ ಈ ಚೌಕದಲ್ಲಿ ಅವರು ಇನ್ನು ಎತ್ತುವ ಕೈಗೆ ಕಿಮ್ಮತ್ತಿಲ್ಲ. ಹಿಡಿದರೆ ನನ್ನ ತಮ್ಮ ನನಗಿಲ್ಲ.

"ಯಾಕ್ರಿ ಪೊಲೀಸರ, ಕೈ ಬರವಲ್ತೇನು?" ಅಂತ ಕಟ್ಟೆಯ ಮೇಲಿಂದ ಮಗ ಕೂಗಿದ.

ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಮೈಯೆಲ್ಲ ಉರಿಯಿತು. ಎಂಥವರನ್ನು ಎಂಥವರು ಅಣಕಿಸುವುದು! ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಯಾರಿಯರ್‌ನಿಂದ ಇಳಿದೆ. ಅಷ್ಟು ಮಂದಿಯ ನಡುವೆ ನಾನು ಗಂಡನೊಂದಿಗೆ ಮಾತಾಡಿದ್ದು ಅದೇ ಮೊದಲು.

"ತಗೀರಿ ಗಾಳಿ. ಎರಡೂ ಗಾಲೀದು ತಗೀರಿ" ಅಂದೆ.

ಅವರು ಬಗ್ಗಿ ವಾಲ್ ಬಿಚ್ಚಿದರು. ಹಿಂದಿನದು ಬುಸ್ಸೆಂದಿತು, ಮುಂದಿನದೂ ಬುಸ್ಸೆಂದಿತು. ಇಡೀ ಪೇಟೆಯಲ್ಲಿ ಅದೊಂದೇ ಸದ್ದು. ಸಾಹುಕಾರರು ಮತ್ತೆ ತಕ್ಕಡಿಯ ಮುಂದೆ ಕೂತರು. ತಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಭಾವನ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದ:

"ಇನ್ನ ಮುಂದ ನಾ ನಿನ್ನ ಮನಿ ಹೊಸ್ತಿಲಾ ದಾಟಿದ್ರ ಕೇಳು."

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಕಮತಗಿಗೆ ಹೋದೆವು. ದಾರಿಯುದ್ದಕ್ಕೂ ಅವನದ್ದು ಮಾತಿಲ್ಲ. ಅವ್ವ ಎಲ್ಲ ಕೇಳಿ, "ಗಂಡ ಗಾಳಿ ತಗದಾ, ನೀ ಮಾನಾ ತಗದಿ" ಅಂದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಪ್ರತಿ ವರ್ಷ ನನ್ನನ್ನು ಜೋಕಾಲಿಯಲ್ಲಿ ಕೂರಿಸಿ ಮುಗಿಲಿಗೆ ತೂಗುತ್ತಿದ್ದವನು ಅಂದು ಹೊಲದ ನೆಪ ಹೇಳಿ ಹೊರಟುಹೋದ. ನಾನು ಕಾಲು ನೆಲಕ್ಕೆ ಒತ್ತಿ ಒಬ್ಬಳೇ ತೂಗಿಕೊಂಡೆ. ಹಬ್ಬ ಮುಗಿದ ಮೇಲೆ ಬಾಗಲಕೋಟೆಯ ಬಸ್ ನಿಲ್ದಾಣದ ತನಕ ಬಂದು, ಗಂಟು ಕೈಗಿತ್ತು, ಅಲ್ಲಿಂದಲೇ ತಿರುಗಿದ.

ಮನೆಗೆ ಬಂದು ನಾನೂ ಗಂಡನೊಂದಿಗೆ ಮಾತು ಬಿಟ್ಟೆ. ನ್ಯಾಯ ಅವರದ್ದೇ, ಆದರೆ ನೋವು ನನ್ನದಲ್ಲವೇ? ಕೊನೆಗೆ ಅವರೇ ಬಾಯಿ ಬಿಟ್ಟರು.

"ಒಂದ ಗಾಲೀದು ತಗದಿದ್ರ ಸಾಕಾಗಿತ್ತು. ಎರಡೂ ತಗೀರಿ ಅಂದಾಕಿ ನೀನ."

ಅಳಬೇಕೆಂದಿದ್ದೆ, ನಗು ಬಂದುಬಿಟ್ಟಿತು. ಅವರೂ ನಕ್ಕರು. ಆಮೇಲೆ ತಲೆ ತಗ್ಗಿಸಿ, "ನೀ ಇಳೀದಿದ್ರ ನನ್ನ ಕೈಲೆ ಆಗ್ತಿರಲಿಲ್ಲ" ಅಂದರು. ಅಷ್ಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮಾತು ಅದು. ಬಂಗಾರದ ಬಳೆ ಮಾಡಿಸಿ ಹಾಕಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

‘ಹೇಂತಿ ಕೂತ ಸೈಕಲ್ಲಿನ ಗಾಳೀನ ಬಿಟ್ಟಾನ’ ಅನ್ನುವ ಸುದ್ದಿ ಇಳಕಲ್ ಸಂತೆಯ ತನಕ ಹೋಯಿತಂತೆ. ಅಂದಿನಿಂದ ಸಾಹುಕಾರರ ಮಗ ಚೌಕಕ್ಕೆ ಬಂದರೆ ಹಿಂದಿನವರಲ್ಲಿ ಒಬ್ಬನನ್ನು ತಾನಾಗಿ ಇಳಿಸುತ್ತಿದ್ದ. ಊರೇ ಬದಲಾಯಿತು ಅಂತ ನಾನು ಹೇಳುವುದಿಲ್ಲ, ಸುಳ್ಳಾಗುತ್ತದೆ. ಇವರ ಪಾಳಿ ಮುಗಿದು ಬೇರೆಯವರು ನಿಂತರೆ ಮತ್ತೆ ಸೈಕಲ್ಲಿಗೆ ಲಗಾಮು, ಫಟಫಟಿಗೆ ಸಲಾಮು. ಆದರೆ ಇವರು ನಿಂತಷ್ಟು ಹೊತ್ತು ಹಮಾಲರು ತಲೆ ಎತ್ತಿಕೊಂಡು ಗಾಳಿ ಬಿಡಿಸಿಕೊಳ್ಳುತ್ತಿದ್ದರು. ಅದೂ ಒಂದು ಗೌರವವೇ.

ನನ್ನ ತಮ್ಮ ಮಾತ್ರ ಬರಲಿಲ್ಲ. ದಸರೆಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಪ್ರತಿ ಹಬ್ಬಕ್ಕೂ ನಾನು ಬಾಗಿಲ ಕಡೆ ನೋಡುವುದು, ಅವರು ನನ್ನ ಕಡೆ ನೋಡುವುದು. ಬೇಸಿಗೆಯಲ್ಲಿ ಒಂದು ದಿನ ನಸುಕಿನಲ್ಲೇ ಎಬ್ಬಿಸಿ, "ಸೀರಿ ಗಂಡುಗಚ್ಚಿ ಹಾಕ್ಕೊ, ಸೈಕಲ್ ಕಲಸ್ತೇನಿ" ಅಂದರು. ನಾನು ತಲೆ ಕೆಟ್ಟಿದೆಯೇ ಅಂದೆ. ಊರಿನ ಹೆಣ್ಣುಮಕ್ಕಳಲ್ಲಿ ಸೈಕಲ್ ಹೊಡೆಯುತ್ತಿದ್ದವರು ದವಾಖಾನೆಯ ನರ್ಸಬಾಯಿ ಒಬ್ಬರೇ.

"ಹೊಲದಾಗ ಕಚ್ಚಿ ಹಾಕ್ಕೊಂಡು ದುಡದಾಕಿ ನೀ, ಇಲ್ಲೇನ ನಾಚಿಕಿ?" ಅಂದರು.

ಲೈನಿನ ಹಿಂದಿನ ಬಯಲಿನಲ್ಲಿ ಅವರು ಸೀಟು ಹಿಡಿದು ಓಡುವುದು, ನಾನು ಬೀಳುವುದು. ಮೊಣಕಾಲು ಕೆತ್ತಿ ಹೋಯಿತು, ಬಳೆ ಒಡೆದವು, ಲೈನಿನ ಹೆಂಗಸರು ನಕ್ಕು ನಕ್ಕು ಸುಸ್ತಾದರು. ಮುಂಗಾರಿನ ಹೊತ್ತಿಗೆ ಅವರು ಕೈ ಬಿಟ್ಟಿದ್ದು ತಿಳಿಯದೆ ನಾನು ಬಯಲು ಪೂರ್ತಿ ಸುತ್ತಿ ಬಂದೆ. ಯಾಕೆ ಕಲಿಸಿದಿರಿ ಅಂದರೆ "ಬೇಕಾಗ್ತೈತಿ" ಅಂದರೇ ಹೊರತು ಬೇರೇನೂ ಹೇಳಲಿಲ್ಲ. ಕಮತಗಿಯ ಬಸ್ಸಿನ ಡ್ರೈವರ್ ಕೈಯಲ್ಲಿ ನನ್ನ ತಮ್ಮನಿಗೆ ‘ಅಕ್ಕ ಸೈಕಲ್ ಕಲತಾಳ’ ಅಂತ ಸುದ್ದಿ ಮುಟ್ಟಿಸಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಮತ್ತೆ ಪಂಚಮಿ. ಉಂಡಿ ಕಟ್ಟಿರಲಿಲ್ಲ, ಯಾರಿಗಾಗಿ ಕಟ್ಟಲಿ? ಅಂಗಳದಲ್ಲಿ ಸೈಕಲ್ ಗಂಟೆಯ ಸದ್ದಾಯಿತು. ಹೊರಗೆ ಬಂದು ನೋಡಿದರೆ ತಮ್ಮ ನಿಂತಿದ್ದ. ತನ್ನ ಸೈಕಲ್ ಹೊಡೆಯುತ್ತ, ಇನ್ನೊಂದು ಬಾಡಿಗೆ ಸೈಕಲ್ಲಿನ ಹ್ಯಾಂಡಲ್ಲನ್ನು ಎಡಗೈಯಲ್ಲಿ ಹಿಡಿದುಕೊಂಡು ಕಮತಗಿಯಿಂದ ಅಷ್ಟು ದೂರ ಬಂದಿದ್ದ. ಅಂಗಿಯೆಲ್ಲ ಒದ್ದೆ.

"ಒಳಗ ಬರೂದಿಲ್ಲ. ಹೊಸ್ತಿಲಾ ದಾಟೂದಿಲ್ಲ ಅಂದೇನಿ. ಹೊರಗ ನಿಂತ ಕರೀತೇನಿ, ನಡಿ ಅಕ್ಕಾ" ಅಂದ.

ನಾನು ಅಲ್ಲೇ ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ಅವನು ಮುಖ ತಿರುಗಿಸಿ, "ಲಗೂ ಮಾಡು, ಅವ್ವ ಕಾಯಾಕತ್ತಾಳ" ಅಂದ. ಅದೇ ಇಳಕಲ್ ಸೀರೆಗೆ ಗಂಡುಗಚ್ಚೆ ಹಾಕಿ, ಸೆರಗನ್ನು ತಲೆಯ ಮೇಲೆ ಹೊದ್ದು ಬಿಗಿದು, ಸೈಕಲ್ ಹತ್ತಿದೆ.

ಚೌಕ ಬಂತು. ಅದೇ ಹಬ್ಬದ ಗದ್ದಲ, ಅದೇ ಕಟ್ಟೆ, ಅದೇ ಸಾಹುಕಾರರು. ನಮ್ಮವರು ನಮ್ಮನ್ನು ನೋಡಿದರು. ನೋಡಿ, ಕೈ ಎತ್ತಿದರು. ಕಾಲು ನೆಲಕ್ಕೆ ಊರಿ ನಿಂತೆ. ಅಡ್ಡ ರಸ್ತೆಯಿಂದ ಹತ್ತಿ ಅಂಡಿಗೆಯ ಚಕ್ಕಡಿಗಳು ಬರುತ್ತಿದ್ದವು, ಅವಕ್ಕೆ ದಾರಿ ಬಿಡಿಸಲು ನಿಲ್ಲಿಸಿದ್ದರು, ಅಷ್ಟೇ. ನನ್ನ ಬಲಕ್ಕೆ ತಮ್ಮ ನಿಂತ. ಎಡಕ್ಕೆ ಒಂದು ಫಟಫಟಿ ಬಂದು ನಿಂತಿತು. ತಿರುಗಿದರೆ ಸಾಹುಕಾರರ ಮಗ, ಹಿಂದೆ ಒಬ್ಬನೇ ಗೆಳೆಯ. ಸಾಹುಕಾರರ ಮಗ ನನ್ನ ಕಚ್ಚೆ, ನನ್ನ ಸೈಕಲ್ ಎರಡನ್ನೂ ಕಣ್ಣು ಬಿಟ್ಟು ನೋಡಿದ. ಆದರೆ ದನಿಯಲ್ಲಿ ಅಣಕವಿರಲಿಲ್ಲ.

"ಅಕ್ಕಾರ, ಸೈಕಲ್ ಯಾವಾಗ ಕಲಿತ್ರಿ?"

"ನಿಂದೂ ನಂದೂ ಗಾಳಿ ಹೋದ ಮ್ಯಾಲೆ, ತಮ್ಮಾ" ಅಂದೆ.

ಅವನಿಗೇ ಮೊದಲು ನಗು ಬಂತು. ಆಮೇಲೆ ನನ್ನ ತಮ್ಮನೂ ನಕ್ಕ. ಚೌಕದ ನಡುವೆ ನಿಂತವರು ಮಾತ್ರ ನಗಲಿಲ್ಲ. ಡ್ಯೂಟಿಯಲ್ಲಿ ಅವರು ನಗುತ್ತಿರಲಿಲ್ಲ. ನಾನು ಗಂಜಿ ಹಾಕಿ ತಿಕ್ಕಿದ ತೋಳು ಹಾಗೇ ಎತ್ತಿಕೊಂಡಿತ್ತು. ಅದರ ಕೆಳಗೆ ಸಾಹುಕಾರನ ಮಗ, ಪೊಲೀಸನ ಹೆಂಡತಿ, ಸಿಟ್ಟಿನ ಭಾವಮೈದುನ, ಹಿಂದೆ ಹೊರೆಯ ಸೈಕಲ್ಲಿನೊಂದಿಗೆ ಮುಲುಗುತ್ತಿದ್ದ ಒಬ್ಬ ಹಮಾಲ, ಎಲ್ಲರೂ ಒಂದೇ ಸಾಲಿನಲ್ಲಿ ಕಾಲೂರಿ ಕಾಯುತ್ತಿದ್ದೆವು. ಆ ಸಾಲಿನಲ್ಲಿ ನಾನು ನಿಂತಿದ್ದೆ ಅನ್ನುವುದು ಇವತ್ತಿಗೂ ನನ್ನ ದೊಡ್ಡ ಹೆಮ್ಮೆ.

ಕೈ ಇಳಿಯಿತು. ಹೊರಟೆವು. ಅವರ ಪಕ್ಕ ಹಾಯುವಾಗ ನನ್ನ ತಮ್ಮ, ರಸ್ತೆಯನ್ನೇ ನೋಡುತ್ತ, ಮೆಲ್ಲಗೆ ಅಂದ:

"ಮಾವ, ಸಂಜೀಕ ಬರ್ರಿ. ಜೋಕಾಲಿ ತೂಗೂದೈತಿ, ಅಕ್ಕ ಭಾಳ ದಪ್ಪ ಆಗ್ಯಾಳ."