ಮೇಲಿನ ತಟ್ಟೆ

ಹೋಟೆಲಿನ ಅಡುಗೆಯವನಿಗೆ ಗಿರಾಕಿಯ ಮುಖ ಕಾಣುವುದಿಲ್ಲ. ಕಾಣುವುದು ಅವನು ತಿಂದು ಬಿಟ್ಟ ತಟ್ಟೆ. ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಮೋನಪ್ಪನವರ ಹೋಟೆಲಿದೆ. ಅದರ ಅಡುಗೆಮನೆಯಲ್ಲಿ, ಸಾಂಬಾರಿನ ಒಲೆಯ ಎದುರಿಗೇ ಒಂದು ಕಿಂಡಿ. ಟೇಬಲ್ ಒರೆಸುವ ಐತ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ತಂದು ಅಲ್ಲಿಡುತ್ತಾನೆ. ಅಲ್ಲಿಂದ ಅವು ಪಾತ್ರೆ ತೊಳೆಯುವ ಕಟ್ಟೆಗೆ ಹೋಗುತ್ತವೆ. ಅಡುಗೆಯವ ಚೆನ್ನಯ ಅರ್ಧ ಆಯುಷ್ಯವನ್ನು ಆ ಕಿಂಡಿಯ ಎದುರು ಕಳೆದಿದ್ದಾನೆ. ಮೊದಲೆಲ್ಲ ಅತ್ತ ಒಮ್ಮೆ ಕಣ್ಣು ಹಾಯಿಸಿ ಮತ್ತೆ ಸೌಟು ತಿರುಗಿಸುತ್ತಿದ್ದ. ಅವನ ಸಾಂಬಾರಿಗಾಗಿಯೇ ಒಂದು ಸ್ಟೇಷನ್ ಆಚೆಯ ಖಾರ್‌ನಿಂದ ನಡೆದು ಬರುವವರಿದ್ದರು, ಎರಡನೇ ಬಟ್ಟಲು ಕೇಳುವುದಕ್ಕೆ ಅವರ್‍ಯಾರೂ ನಾಚಿದವರಲ್ಲ.

ಹೋದ ವರ್ಷ ಅವನಿಗೆ ನಿದ್ದೆ ಕೈಕೊಟ್ಟಿತು. ಹಿಂದೆಯೇ ಹಸಿವೂ ಹೋಯಿತು. ಯಾಕೆ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಕಾಲು ಮುರಿದವನನ್ನು ಯಾರೂ ಹಾಗೆ ಪೀಡಿಸುವುದಿಲ್ಲ, ಮನಸ್ಸು ಕೆಟ್ಟವನು ಮಾತ್ರ ಎಲ್ಲರಿಗೂ ಕಾರಣ ಒಪ್ಪಿಸಬೇಕು! ಹೆಂಡತಿ ವಸಂತಿ ಅವನನ್ನು ದಾದರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಡಿಪ್ರೆಶನ್ ಎಂದರು, ಮಾತ್ರೆ ಬರೆದರು. ಆಮೇಲೆ ನಿಧಾನವಾಗಿ ಹಿಂದಿಯಲ್ಲಿ ತಿಳಿಸಿ ಹೇಳಿದರು: ಇವರಿಗೆ ಒಳ್ಳೆಯದು ಕಾಣುವುದೇ ಇಲ್ಲ ಅಂತಲ್ಲ, ಆದರೆ ಕೆಟ್ಟದ್ದರ ಮೇಲೆ ಬಿದ್ದ ಕಣ್ಣು ಅಲ್ಲಿಂದ ಏಳುವುದಿಲ್ಲ, ಮಾತ್ರೆ ಹಿಡಿಯಲು ಸಮಯ ಬೇಕು. ವಸಂತಿಗೆ ಎಲ್ಲವೂ ಅರ್ಥವಾಯಿತು. ಚೆನ್ನಯನಿಗೆ ಕೇಳಿಸಿದ್ದು ಡಾಕ್ಟರು ನಡುವೆ ಬಿಟ್ಟ ಒಂದು ನಿಟ್ಟುಸಿರು ಮಾತ್ರ.

ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಅವನಿಂದಾಗುತ್ತಿರಲಿಲ್ಲ. ಮನೆಯಿರುವ ವಡಾಲದಿಂದ ಲೋಕಲ್ ಹತ್ತಿದರೆ ಬೋಗಿಯ ಅಷ್ಟೂ ಜನರ ನಡುವೆ ಮುಖ ಸಿಂಡರಿಸಿದ ಒಬ್ಬನೇ ಕಣ್ಣಿಗೆ ಬೀಳುವನು. ನನ್ನ ಮೈಯಿಂದ ಈರುಳ್ಳಿ ವಾಸನೆ ಬರುತ್ತಿರಬೇಕು ಎಂದುಕೊಂಡು ಬಾಂದ್ರಾದಲ್ಲಿ ಇಳಿದುಬಿಡುವನು. ಮುಂದಿನ ಗಾಡಿ ಹತ್ತಿದರೆ ಅಲ್ಲೂ ಅಂಥ ಒಬ್ಬ ಇದ್ದೇ ಇರುವನು. ಮುಂಬೈಯ ಲೋಕಲಿನಲ್ಲಿ ಮುಖ ಅರಳಿಸಿಕೊಂಡು ಹೋಗುವವರು ಯಾರಿದ್ದಾರೆ, ಆ ಮಾತು ಬೇರೆ.

ಅವನನ್ನು ನಿಜಕ್ಕೂ ಹಣ್ಣು ಮಾಡಿದ್ದು ಆ ಕಿಂಡಿ. ಐತ ತಂದಿಡುವ ಪ್ರತಿ ರಾಶಿಯ ಮೇಲೂ ಏನಾದರೂ ಉಳಿದಿರುತ್ತಿತ್ತು. ಯಾರೂ ತಿನ್ನುತ್ತಿಲ್ಲ, ಉಪ್ಪು ಕಡಿಮೆಯಾಗಿರಬೇಕು ಎಂದು ಚೆನ್ನಯ ಒಂದು ಹಿಡಿ ಹಾಕುವನು. ಮುಂದಿನ ರಾಶಿ ಬರುವುದು, ಅದರ ಮೇಲೂ ಉಳಿದಿರುವುದು. ಇನ್ನೊಂದು ಹಿಡಿ. ಆಮೇಲೆ ಹೆಚ್ಚಾಯಿತೆಂಬ ಭಯಕ್ಕೆ ನೀರು, ನೀರಾಯಿತೆಂದು ಹುಳಿ. ಕೊನೆಗೆ ಗಿರಾಕಿಗಳು ನಿಜವಾಗಿಯೂ ದೂರತೊಡಗಿದರು. ಒಂದು ದಿನ ಚೆನ್ನಯ ಗಲ್ಲಾಪೆಟ್ಟಿಗೆಯಲ್ಲಿ ಕೂತ ಮೋನಪ್ಪನವರ ಮುಂದೆ ನಿಂತು, "ದಣಿ, ನನ್ನ ಕೈ ಹೋಯ್ತು. ಈ ತಿಂಗಳಿಗೇ ಕೆಲಸ ಸಾಕು ನಂಗೆ" ಎಂದ.

ಮೋನಪ್ಪ ವಸಂತಿಗೆ ಫೋನ್ ಮಾಡಿದರು. ಅವಳಿಗೆ ಸಂಬಳದ ಚಿಂತೆ ಆಮೇಲಿನದು. ಒಲೆಯ ಮುಂದೆ ನಿಲ್ಲುವುದನ್ನೂ ಬಿಟ್ಟರೆ ಈ ಮನುಷ್ಯ ಮನೆಯ ಗೋಡೆಗೆ ಮುಖಮಾಡಿ ಮಲಗುತ್ತಾನೆ, ಮತ್ತೆ ಏಳುವುದಿಲ್ಲ. ಅವಳಿಗಿದ್ದ ಹೆದರಿಕೆ ಅದು.

ಆ ಭಾನುವಾರ ಅವಳು ಮಗಳು ಯಕ್ಷಿತಾಳನ್ನು ಕರೆದುಕೊಂಡು ಹೋಟೆಲಿಗೆ ಬಂದಳು. ಅಡುಗೆಯವನ ಮನೆಯವರು ಟೇಬಲಿಗೆ ಕೂರುವ ಪದ್ಧತಿ ಇಲ್ಲ; ಇಷ್ಟು ವರ್ಷ ಡಬ್ಬಿಯಲ್ಲಿ ಬಂದದ್ದನ್ನೇ ಉಂಡವರು. ಮೋನಪ್ಪನವರೇ ಕುರ್ಚಿ ಎಳೆದು ಕೂರಿಸಿದರು, ಸುದ್ದಿ ಒಳಗೆ ಹೋಗದಂತೆ ನೋಡಿಕೊಂಡರು. ತಾಯಿ ಮಗಳು ಇಡ್ಲಿ ತರಿಸಿದರು, ವಡೆ ತರಿಸಿದರು, ಮತ್ತೆ ಇಡ್ಲಿ ತರಿಸಿದರು. ಬೆಳಗಿನ ಮೊದಲ ಸಾಂಬಾರು, ಚೆನ್ನಯ ಇನ್ನೂ ತಿದ್ದಿರಲಿಲ್ಲ. ಯಕ್ಷಿತಾ ಬಟ್ಟಲನ್ನು ಬೆರಳಿನಿಂದ ಬಳಿದಳು. ಐತ ಬಂದು ತಟ್ಟೆ ಬಳಿಯುವ ರೀತಿಯನ್ನು ವಸಂತಿ ಕಣ್ಣು ಕೀಳದೆ ನೋಡಿದಳು. ಅವನು ರಾಶಿ ಎತ್ತಿಕೊಂಡು ಹೊರಟೊಡನೆ ಮಗಳ ಜೊತೆ ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದಳು.

ಚೆನ್ನಯ ಕಿಂಡಿಯತ್ತ ನೋಡುತ್ತ ನಿಂತಿದ್ದ. ಮುಷ್ಟಿಯಲ್ಲಿ ಉಪ್ಪಿತ್ತು.

"ಎಂತ ಮಾಡ್ತಾ ಇದ್ದೀರಿ?"

ಅವಳು ಇಲ್ಲಿ ಹೇಗೆ ಎಂದು ಕೇಳುವಷ್ಟೂ ವ್ಯವಧಾನ ಅವನಿಗಿರಲಿಲ್ಲ. "ನೋಡು, ಯಾರೂ ತಿನ್ನುದಿಲ್ಲ. ಎಲ್ಲ ಬಿಟ್ಟಿದ್ದಾರೆ."

"ಅದು ನಾವು ತಿಂದ ತಟ್ಟೆ ಮಾರಾಯ್ರೆ. ಬಿಟ್ಟದ್ದು ಎಂತದ್ದು ಅಂತ ಸರಿ ನೋಡಿ."

ಅವನು ನೋಡಿದ. ಚೀಪಿ ಬಿಟ್ಟ ನುಗ್ಗೆಕೋಡಿನ ಸಿಪ್ಪೆ, ಕರಿಬೇವು, ಒಂದು ಒಣಮೆಣಸು.

"ನುಗ್ಗೆ ಸಿಪ್ಪೆ ನುಂಗ್ಲಿಕ್ಕೆ ಆಗ್ತದಾ?" ಎಂದಳು ವಸಂತಿ. "ಎಲ್ಲರದ್ದನ್ನೂ ಬಳಿದು ಮೇಲಿನ ತಟ್ಟೆಗೆ ಹಾಕುದಲ್ವಾ? ನೀವೂ ಮೊದಲು ಇದೇ ಕೆಲಸ ಮಾಡಿದವರಲ್ವಾ?"

ಹೌದು. ಮುಂಬೈಗೆ ಬಂದ ಹೊಸತರಲ್ಲಿ ಅವನೂ ಟೇಬಲ್ ಒರೆಸಿದವನೇ. ಉಳಿದದ್ದನ್ನೆಲ್ಲ ಒಂದೇ ತಟ್ಟೆಗೆ ಬಳಿಯದಿದ್ದರೆ ರಾಶಿ ನೆಟ್ಟಗೆ ನಿಲ್ಲುವುದಿಲ್ಲ ಎಂಬುದು ಅವನ ಕೈಗೆ ಗೊತ್ತಿತ್ತು. ಆದರೂ ಇಷ್ಟು ತಿಂಗಳು ಒಮ್ಮೆಯೂ ನೆನಪಾಗಲಿಲ್ಲ. ನಿಧಾನವಾಗಿ ಮೇಲಿನ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟ. ಕೆಳಗಿನದು ಖಾಲಿ. ಅದರ ಕೆಳಗಿನದೂ ಖಾಲಿ.

"ಪಪ್ಪಾ, ಸಚ್ಚಿ... ಮಸ್ತ್ ಇತ್ತು," ಎಂದಳು ಯಕ್ಷಿತಾ. ಅವಳ ಕನ್ನಡ ಅಷ್ಟಕ್ಕೇ ಮುಗಿಯಿತು.

ಚೆನ್ನಯ ಅಲ್ಲೇ ಅತ್ತುಬಿಟ್ಟ, ಎಲ್ಲರೆದುರು, ಉಪ್ಪಿನ ಮುಷ್ಟಿಯನ್ನು ಹಾಗೆಯೇ ಹಿಡಿದುಕೊಂಡು. ವಸಂತಿ ಬೆರಳು ಬಿಡಿಸಿ ಉಪ್ಪನ್ನು ಡಬ್ಬಿಗೆ ಸುರಿದಳು.

ಇಷ್ಟಕ್ಕೇ ಕಾಯಿಲೆ ವಾಸಿಯಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಐತ ಮುಂದಿನ ರಾಶಿಯನ್ನು ತಂದಿಟ್ಟಾಗ ಚೆನ್ನಯನ ಕಣ್ಣು ಮತ್ತೆ ಮೇಲಿನ ತಟ್ಟೆಗೇ ಹೋಯಿತು, ಅಲ್ಲೇ ಕಚ್ಚಿಕೊಂಡಿತು. ಕೈ ಉಪ್ಪಿನ ಡಬ್ಬಿಯವರೆಗೆ ಹೋಗಿ ನಿಂತಿತು. ಆಮೇಲೆ ಅಲ್ಲಿಂದ ಕಿಂಡಿಯತ್ತ ಸರಿದು ಮೇಲಿನ ತಟ್ಟೆಯನ್ನು ಎತ್ತಿತು.