ನಾನಿಲ್ಲದ ಭಾನುವಾರಗಳ ಗಂಟೆ

ಉಪದೇಶಿಯಾಗಿ ಸೇರಿದ ಏಳನೆಯ ವರ್ಷ ನಾನು ಸುವಾರ್ತಾ ಸೇವೆಗೆ ರಾಜೀನಾಮೆ ಕೊಡಲು ತೀರ್ಮಾನಿಸಿದೆ. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ಕೊಟ್ಟೂರಿನಲ್ಲಿ ನನ್ನ ಬಾಡಿಗೆ ಕೋಣೆ, ಇಟ್ಟಿಗಿಯಲ್ಲಿ ನನ್ನ ಸಭೆ. ನಡುವೆ ಒಂದು ಸೈಕಲ್ಲು, ಅದರ ಚೈನು ಮಾತ್ರ ಸೈತಾನನ ಕಡೆಯದು.

ಸಭೆ ಎಂದರೆ ಮೊದಲು ಐದು ಮನೆ. ಒಂದು ಮನೆಯವರು ದುಡಿಯಲು ಹರಪನಹಳ್ಳಿಗೆ ಹೋದರು. ಎರಡು ಮನೆಯವರು ಬೀಗರ ಮಾತಿಗೆ ಕಟ್ಟುಬಿದ್ದು ಹಳೆಯ ದೇವರಿಗೇ ಮರಳಿದರು. ಇನ್ನೊಂದು ಮನೆಯವರು ನನ್ನ ಪ್ರಸಂಗ ಉದ್ದವಾಯಿತೆಂದು ಬಿಟ್ಟರು. ಅವರ ಕಾರಣವನ್ನು ನಾನೀಗ ಗೌರವಿಸುತ್ತೇನೆ. ಉಳಿದದ್ದು ಒಬ್ಬ ಮುದುಕಿ. ಗಂಡನಿಲ್ಲ, ಮಕ್ಕಳಿಲ್ಲ, ಓದು ಬಾರದು. ನಾನು "ಪ್ರಿಯ ಸಹೋದರ ಸಹೋದರಿಯರೇ" ಎಂದು ಶುರುಮಾಡಿದಾಗ ಆಕೆ ಒಮ್ಮೆ ಹಿಂದೆ ತಿರುಗಿ ನೋಡಿದ್ದಳು.

ನಮ್ಮ ತಗಡಿನ ಚರ್ಚಿನ ಮುಂದೆ ಬೇವಿನ ಮರಕ್ಕೆ ರೈಲುಹಳಿಯ ತುಂಡೊಂದನ್ನು ನೇತುಹಾಕಿದ್ದೆವು. ಅದೇ ಗಂಟೆ. ಹೋಗುವವರು ಬರುವವರೆಲ್ಲ ಬಾರಿಸುತ್ತಾರೆಂದು ನಾನೇ ಭಾರಿ ಗಂಭೀರವಾಗಿ ಒಂದು ಕಾನೂನು ಮಾಡಿದ್ದೆ: ಉಪದೇಶಿ ಬಂದು ನಿಂತ ಮೇಲಷ್ಟೇ ಗಂಟೆ, ಬರದ ದಿನ ಹೊಡೆದರೆ ಅದು ದೇವರ ಮುಂದೆ ಸುಳ್ಳು. ಸುತ್ತಿಗೆ ಮುದುಕಿಯ ವಶದಲ್ಲಿತ್ತು.

ಒಂದು ವಾರ, ಇಲ್ಲದ ಜ್ವರ ಬಂದಿದೆಯೆಂದು ಬಸ್ ಕಂಡಕ್ಟರನ ಕೈಯಲ್ಲಿ ಮುದುಕಿಗೆ ಹೇಳಿಕಳಿಸಿದೆ. ಆಮೇಲೆ ಮೂರು ಭಾನುವಾರ, ಸರಿಯಾಗಿ ಆರಾಧನೆಯ ಹೊತ್ತಿಗೆ, ಕೊಟ್ಟೂರಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತೆ. ಮೊದಲ ವಾರ ಸ್ವಲ್ಪ ಕಸಿವಿಸಿಯಾಯಿತು. ಎರಡನೆಯ ವಾರ ಇನ್ನೊಂದು ಮಿರ್ಚಿ ಹೇಳಿದೆ. ನಾಲ್ಕನೆಯ ಭಾನುವಾರ ಮಿರ್ಚಿ ಮುಗಿಸಿಕೊಂಡು, ರಾಜೀನಾಮೆ ಪತ್ರವನ್ನು ಜೇಬಿಗಿಟ್ಟು, ಚರ್ಚಿನ ಬೈಬಲನ್ನು ತಂದು ನನ್ನ ಮೇಲಿನ ಸಭಾಪಾಲಕರಿಗೆ ಒಪ್ಪಿಸಿಬಿಡೋಣವೆಂದು ಇಟ್ಟಿಗಿಗೆ ಹೊರಟೆ.

ಊರ ಅಗಸೆಬಾಗಿಲ ಬಳಿ ಚಹಾದಂಗಡಿಯವನು ತಡೆದ.

"ಏನ್ರೀ ಅಯ್ಯೋರ, ಎಲ್ಲಿಂದ ಬರಾಕತ್ತೀರಿ? ನೀವು ಒಳಗ ಅದೀರಿ ಅನ್ಕಂಡಿದ್ನಲ್ಲ!"

"ನಾನಾ?"

"ಗಂಟಿ ಆಗಿ ಎಷ್ಟೊತ್ತಾತು! ಹೋದ ವಾರಾನೂ ಆಗಿತ್ತು, ಅದರ ಹಿಂದಿನ ವಾರಾನೂ. ಅಯ್ಯೋರು ಈಗೀಗ ಭಾಳ ಮೆತ್ತಗ ಮಾತಾಡ್ತಾರ, ಹೊರಗ ಕೇಳಂಗೇ ಇಲ್ಲ, ಊರಿಗೆ ಚೊಲೋ ಆತು ಅಂತ ನಾವು ಮಾತಾಡ್ಕಂಡ್ವಿ."

ಚರ್ಚಿನ ಒಳಗೆ ಮುದುಕಿ ಚಾಪೆ ಹಾಸಿಕೊಂಡು ಕೂತಿದ್ದಳು. ನನ್ನ ಕುರ್ಚಿಯನ್ನು ಒರೆಸಿ ಎದುರಿಗಿಟ್ಟಿದ್ದಳು.

"ಬಂದ್ರೇನ್ರಿ? ಜ್ವರ ಬಿಟ್ಟಾವೇನ್ರಿ? ಭಾನುವಾರಕ್ಕೊಮ್ಮೆ ಉಪಾಸ ಇದ್ದು ಬೇಡ್ಕಂಡೀನಿ."

"ಬಿಟ್ಟಾವ ಯವ್ವಾ" ಎಂದೆ.

ಆಕೆ ಸುತ್ತಿಗೆಯನ್ನು ನನ್ನ ಪಾದದ ಹತ್ತಿರ ಇಟ್ಟಳು. "ಇದನ್ನ ತಗೊಳ್ರಿ. ನಾ ತಪ್ಪು ಮಾಡೀನಿ. ನಿಮ್ಮಯ್ಯ ಓಡಿಹೋದ ಅಂತ ಓಣ್ಯಾಗ ನಗಾಕತ್ತಿದ್ರು. ಹಾಸಿಗಿ ಹಿಡಿದ ಮನಷ್ಯಾಗ ಅಂಥ ಹೆಸರು ಬರಬಾರದು ಅಂತ ವಾರಾ ವಾರಾ ಗಂಟಿ ಹೊಡೆದೆ. ಇವತ್ತೂ ಹೊಡೆದೆ. ದೇವ್ರ ಮುಂದ ಸುಳ್ಳಾತು. ನನ್ನ ಸಲುವಾಗಿ ಕ್ಷಮಾ ಬೇಡ್ರಿ."

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನಾನು ಮಾಡಿದ್ದು ಇಷ್ಟು: ಗಂಟಲು ಸರಿಪಡಿಸಿಕೊಂಡು, ಆಕೆಯ ತಲೆಯ ಮೇಲೆ ಕೈಯಿಟ್ಟು, ಆಕೆಯ ಸುಳ್ಳನ್ನು ಕ್ಷಮಿಸೆಂದು ದೇವರನ್ನು ಬೇಡಿದೆ. ವಾಕ್ಯಗಳು ಸೊಗಸಾಗಿಯೇ ಬಂದವು. ಏಳು ವರ್ಷದ ಅಭ್ಯಾಸ. ಆ ಕೈಗೆ ಇನ್ನೂ ಮಿರ್ಚಿಯ ಎಣ್ಣೆ ವಾಸನೆ ಇತ್ತು. ಉಪವಾಸವಿದ್ದವಳಿಗೆ ಅದು ತಿಳಿದಿರಲಿಕ್ಕೂ ಸಾಕು. ಆಕೆ ಗಟ್ಟಿಯಾಗಿ "ಆಮೆನ್" ಅಂದಳು.

ಪತ್ರ ಜೇಬಿನಲ್ಲೇ ಉಳಿಯಿತು. ಮುಂದಿನ ಭಾನುವಾರ ಹೋದೆ, ಅದರ ಮುಂದಿನದೂ ಹೋದೆ. ಆಕೆ ಇರುವತನಕ ಒಂದನ್ನೂ ತಪ್ಪಿಸಲಿಲ್ಲ. ಸಭಾಪಾಲಕರು ಹತ್ತು ಜನರೆದುರು ನನ್ನ ಸ್ಥಿರತೆಯನ್ನು ಹೊಗಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದು ಇನ್ನೊಮ್ಮೆ ಹೊಗಳಿದರು.

ಮುದುಕಿಗೆ ನಿಜ ಹೇಳಲು ಎಷ್ಟೋ ಭಾನುವಾರ ಸಿಕ್ಕವು. ಹೇಳಲಿಲ್ಲ. ಆಕೆ ಮಾತ್ರ ಆಮೇಲೆ ಒಮ್ಮೆಯೂ ಕಾನೂನು ಮೀರಲಿಲ್ಲ. ನಾನು ಸೈಕಲ್ ಇಳಿದು ಎದುರಿಗೇ ನಿಂತಿದ್ದರೂ, ಸುತ್ತಿಗೆ ಹಿಡಿದುಕೊಂಡು ನನ್ನ ಮುಖ ನೋಡಿ, "ಹೊಡೀಲೇನ್ರಿ?" ಎಂದು ಕೇಳಿಯೇ ಹೊಡೆಯುತ್ತಿದ್ದಳು.