ಪ್ರೊಕೀಪನ ಬೋಳು

ಹಾಫಿಯಾ ವೊರೊಬೆಟ್ಸ್‌ಗೆ ಕಲ್ಲಿನ ಮೇಲೆ ಇದ್ದಷ್ಟು ಸಿಟ್ಟು ಮನುಷ್ಯರ ಮೇಲೆ ಇರಲಿಲ್ಲ. ಬೈದರೆ ಮನುಷ್ಯರು ಒಂದಷ್ಟು ಹೊತ್ತಾದರೂ ಸುಮ್ಮನಾಗುತ್ತಾರೆ. ಮನಿಟೋಬದ ಎರಡು ದೊಡ್ಡ ಸರೋವರಗಳ ನಡುವಿನ ಆ ನೆಲದಲ್ಲಿ ಕಲ್ಲಿಗೆ ಆ ಮರ್ಯಾದೆಯೂ ಇಲ್ಲ. ಚಳಿಗಾಲದಲ್ಲಿ ಭೂಮಿ ಹೆಪ್ಪುಗಟ್ಟಿ ಉಬ್ಬುತ್ತದೆ, ವಸಂತದಲ್ಲಿ ಕರಗಿ ಕೂರುತ್ತದೆ, ಅಷ್ಟರಲ್ಲಿ ಅಡಿಯಲ್ಲಿದ್ದ ಕಲ್ಲು ನಾಲ್ಕು ಬೆರಳು ಮೇಲೆ ಬಂದಿರುತ್ತದೆ. ಹೋದ ವರ್ಷ ಬೆನ್ನು ಮುರಿದು ಆರಿಸಿದ ಹೊಲದಲ್ಲಿ ಈ ವರ್ಷ ಮತ್ತೆ ಹೊಸ ಸಂಸಾರ ಹೂಡಿರುತ್ತದೆ.

ಜೋರಿಯಾನಾ ಎಂಬ ಆ ಉಕ್ರೇನಿಯನ್ನರ ಊರಿನ ಎಲ್ಲ ಮಕ್ಕಳಂತೆ ಹಾಫಿಯಾಳೂ ಕುದುರೆ ಎಳೆಯುವ ಹಲಗೆಯ ಹಿಂದೆ ನಡೆಯುತ್ತ, ಕಲ್ಲು ಹೆಕ್ಕಿ ಹಾಕುತ್ತ ಬೆಳೆದವಳು. ದೊಡ್ಡವಳಾದ ಮೇಲೆ ಊರ ರಸ್ತೆಗಳಿಗೆ ಗ್ರೇಡರ್ ಓಡಿಸುವ ಕೆಲಸಕ್ಕೆ ಸೇರಿದಳು. ಬೇಸಿಗೆಯಲ್ಲಿ ಜಲ್ಲಿ ಸಮ ಮಾಡುವುದು, ಚಳಿಗಾಲದಲ್ಲಿ ಹಿಮ ಗೋರುವುದು. ಹೆಂಗಸು ಅಂಥ ಯಂತ್ರ ಹತ್ತಿದ್ದನ್ನು ನೋಡಲು ಮೊದಲ ಹಿಮದ ದಿನ ಗಂಡಸರೆಲ್ಲ ಗೇಟಿನ ಹತ್ತಿರ ನಿಂತಿದ್ದರು. ಶಾಲೆಯಲ್ಲಿ ಅವಳ ಜೊತೆಯೇ ಓದಿದ ಮೆಟ್ರೋ ಸಾವ್‌ಚುಕ್, "ನಿಧಾನ ಕಣೇ, ಅದು ಹಿಟ್ಟು ನಾದೋ ಮಣೆ ಅಲ್ಲ" ಎಂದು ಕೂಗಿದ. ಸಂಜೆಯ ಹೊತ್ತಿಗೆ ಅವನ ಮನೆಯ ಗೇಟಿಗೆ ಅಡ್ಡಲಾಗಿ ಎದೆಯೆತ್ತರದ ಹಿಮದ ದಿಬ್ಬ ಬಿದ್ದಿತ್ತು. ಆಮೇಲೆ ಅವಳ ಕೆಲಸದ ಬಗ್ಗೆ ಯಾರೂ ಜೋಕು ಮಾಡಲಿಲ್ಲ.

ಇಪ್ಪತ್ತೈದು ವರ್ಷ ಊರಿನವರ ರಸ್ತೆಯನ್ನೆಲ್ಲ ನುಣುಪು ಮಾಡಿದವಳಿಗೆ ತನ್ನದೆಂದು ಒಂದು ತುಂಡು ನೆಲ ಇರಲಿಲ್ಲ. ಜಮೀನು ಗಂಡುಮಕ್ಕಳಿಗೆ ಎನ್ನುವ ರೂಢಿಯಂತೆ ಒಳ್ಳೆಯ ಹೊಲವೆಲ್ಲ ತಮ್ಮನ ಪಾಲಾಗಿತ್ತು. ಉಳಿದದ್ದು ಮನೆಯ ಎದುರಿನ ಹತ್ತು ಎಕರೆ ಮಾತ್ರ. ಅದಕ್ಕೆ ಊರವರು ಇಟ್ಟ ಹೆಸರು ಪ್ರೊಕೀಪನ ಬೋಳು. ಪ್ರೊಕೀಪ್ ಹಾಫಿಯಾಳ ಅಪ್ಪ.

ಅದೂ ಒಂದು ಕಾಲಕ್ಕೆ ಹೆಮ್ಮೆಯ ಹೊಲವೇ. ಊರಿಗೆ ಮೊಟ್ಟಮೊದಲು ಬುಲ್ಡೋಜರ್ ಬಾಡಿಗೆಗೆ ತಂದವನು ಪ್ರೊಕೀಪ್. ಬೇರೆಯವರು ಹತ್ತು ವರ್ಷ ಹೆಕ್ಕಿದರೂ ಮುಗಿಯದ ಕಲ್ಲನ್ನು ಅವನು ಎರಡೇ ದಿನದಲ್ಲಿ ನೂಕಿ ಬೇಲಿಯ ಉದ್ದಕ್ಕೂ ಕೋಟೆಯ ಹಾಗೆ ಸಾಲು ಹಾಕಿದ. ಜನ ಚಪ್ಪಾಳೆ ತಟ್ಟಿದರು, ಅವನನ್ನು ಹೆಗಲ ಮೇಲೆ ಹೊತ್ತರು, ತಾವೂ ಹಾಗೆಯೇ ಮಾಡಿದರು. ಆದರೆ ಮುಂದಿನ ವರ್ಷ ಆ ಹೊಲದಲ್ಲಿ ಬಿತ್ತಿದ ಗೋಧಿ ಗೇಣುದ್ದ ಬೆಳೆದು ಹಳದಿಯಾಯಿತು. ಅದರ ಮುಂದಿನ ವರ್ಷ ಅಷ್ಟೂ ಬೆಳೆಯಲಿಲ್ಲ. ಬೂದುಬಣ್ಣದ ಜೇಡಿ ಬಿರುಕು ಬಿಟ್ಟು ಮಲಗಿತು, ಅದರೊಳಗಿನಿಂದ ಹೊಸ ಕಲ್ಲೂ ಎದ್ದು ಬಂತು. ಪ್ರೊಕೀಪ್ ಆಮೇಲೆ ಆ ಕಡೆಯ ಕಿಟಕಿಗೆ ಪರದೆ ಎಳೆದವನು ಮತ್ತೆ ಸರಿಸಲಿಲ್ಲ.

ಎಂಬತ್ತು ತುಂಬಿದ ವರ್ಷ ಅವನು ಈಸ್ಟರ್ ಊಟದ ಮೇಜಿನಲ್ಲಿ, ಬೆಳ್ಳುಳ್ಳಿ ಸಾಸೇಜು ಕತ್ತರಿಸುತ್ತ, ಬೋಳನ್ನು ಮೆಟ್ರೋಗೆ ಕೊಟ್ಟುಬಿಡುತ್ತೇನೆ ಎಂದ. "ಅವನ ದನ ಮೇಯ್ಲಿ. ದನ ನಿಂತಿದ್ರೆ ನೆಲ ಕಣ್ಣಿಗೆ ಬೀಳಲ್ಲ."

ಹಾಫಿಯಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ನನಗೆ ಕೊಡಪ್ಪ."

"ನಿನಗ್ಯಾಕೆ ಆ ಹೆಣ?"

"ಹೆಣವೋ ಜೀವವೋ, ನನ್ನದು ಅಂತ ಒಂದಿರ್ಲಿ."

ಅವನು ಮತ್ತೆ ಸಾಸೇಜು ಕತ್ತರಿಸತೊಡಗಿದ. ಮಾರನೆಯ ದಿನ ಸೋಮವಾರ, ಒಬ್ಬರ ಮೇಲೊಬ್ಬರು ನೀರು ಎರಚುವ ದಿನ. ಚರ್ಚಿನ ಅಂಗಳದಲ್ಲಿ ಮೆಟ್ರೋ ಹಾಫಿಯಾಳ ತಲೆಯ ಮೇಲೆ ಇಡೀ ಬಕೆಟ್ಟು ಸುರಿದು ಹಲ್ಲು ಕಿರಿದ. "ನಿನ್ನಪ್ಪನ ಬೋಳು ನನ್ನ ದನಕ್ಕಂತೆ, ಗೊತ್ತಾಯ್ತಾ? ಆ ನೆಲ ಕಲ್ಲು ಬಿಟ್ರೆ ಬೇರೇನೂ ಬೆಳೆಯೋದಿಲ್ಲ."

"ಪೀಟರ್ ಹಬ್ಬದ ಹೊತ್ತಿಗೆ ಮೊಣಕಾಲುದ್ದ ಓಟ್ಸ್ ನಿಲ್ಲಿಸಿದ್ರೆ?" ಎಂದಳು ಹಾಫಿಯಾ, ಮೂಗಿನಿಂದ ನೀರು ತೊಟ್ಟಿಕ್ಕುತ್ತಿದ್ದರೂ.

"ನಿಲ್ಲಿಸಿದ್ರೆ ನೆಲ ನಿಂದು, ನಾನು ಆ ಕಡೆ ತಲೆ ಹಾಕೋದಿಲ್ಲ. ಇಲ್ದಿದ್ರೆ ನನ್ನ ದನ. ಹಾಕು ಕೈ!"

ಕೈಗೆ ಕೈ ಸೇರಿತು. ಆ ಊರಲ್ಲಿ ಮೂರನೆಯವರೊಬ್ಬರು ತಮ್ಮ ಅಂಗೈಯಿಂದ ಕಡಿದು ಬಿಡಿಸುವ ತನಕ ಕೈ ಮಾತು ಮಾತಲ್ಲ. ಕಡಿದ ಮೇಲೆ ಹಿಂದೆ ಸರಿಯುವಂತಿಲ್ಲ. ನೆಲ ಇನ್ನೂ ಪ್ರೊಕೀಪನದೇ, ಸುತ್ತ ನಿಂತವರೆಲ್ಲ ಅವನ ಕಡೆ ತಿರುಗಿದರು. ಮುದುಕ ಮಗಳ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಕೈ ಎತ್ತಿ ಕಡಿದ.

ರಸ್ತೆ ಇಲಾಖೆಯ ಹರಾಜಿನಲ್ಲಿ ಹಾಫಿಯಾ ಹಿಂದೆಯೇ ಮಣ್ಣು ಗೋರಿ ಎತ್ತುವ ಒಂದು ಹಳೆಯ ಚೈನ್ ಲೋಡರ್ ಕೊಂಡಿಟ್ಟಿದ್ದಳು. ಅದಕ್ಕೆ ತಾನೇ ವೆಲ್ಡ್ ಮಾಡಿ ಹೊಸ ಬಕೆಟ್ ಜೋಡಿಸಿದಳು. ತಳದಲ್ಲಿ ತಗಡಿನ ಬದಲು ಹಳೆಯ ರೈಲು ಹಳಿಗಳ ಸಾಲು, ನಡುವೆ ಮುಷ್ಟಿ ತೂರುವಷ್ಟು ಸಂದು. ಮಣ್ಣಿನೊಳಗೆ ಬಕೆಟ್ ತೂರಿಸಿ ಎತ್ತಿ ಅಲುಗಿಸಿದರೆ ಮಣ್ಣು ಕೆಳಗೆ ಸುರಿಯಬೇಕು, ಕಲ್ಲು ಮೇಲೆ ಉಳಿಯಬೇಕು. ಒಟ್ಟಿನಲ್ಲಿ ಒಂದು ದೈತ್ಯ ಜರಡಿ.

ಹಿಮ ಕರಗಿತೋ ಇಲ್ಲವೋ, ಅವಳು ಹೊಲಕ್ಕೆ ಇಳಿದಳು. ಪೀಟರ್ ಹಬ್ಬ ಜುಲೈಯಲ್ಲಿ; ಜೂನ್ ಹುಟ್ಟುವ ಮೊದಲು ಬಿತ್ತದಿದ್ದರೆ ಮುಗಿಯಿತು. ಎಂಜಿನ್ನಿನ ಸದ್ದು ಕೇಳಿ ಪ್ರೊಕೀಪ್ ಎಷ್ಟೋ ವರ್ಷದ ಮೇಲೆ ಆ ಕಡೆ ಬಂದ. ಬಂದವನು ಮಧ್ಯಾಹ್ನದವರೆಗೆ ಟ್ರಕ್ಕಿನೊಳಗೇ ಕುಳಿತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಇಳಿದು ಎರಡೂ ಕೈ ಬೀಸುತ್ತ ಓಡಿಬಂದ.

"ನಿಲ್ಸು! ಎಂಜಿನ್ ನಿಲ್ಸು!"

"ಏನಾಯ್ತಪ್ಪ?"

"ಬಕೆಟ್ಟಲ್ಲಿ ಏನಿದೆ?"

"ಕಲ್ಲು."

"ಕಲ್ಲಂತೆ ಕಲ್ಲು! ಕೆಳಗಿಳಿದು ನೋಡೇ!"

ಇಳಿದು ನೋಡಿದರೆ ಒಂದೊಂದು ಕಲ್ಲೂ ಮೂರು ಬೆರಳು ದಪ್ಪ ಕೆಸರು ಮೆತ್ತಿಕೊಂಡಿತ್ತು. ಬಕೆಟ್ ಎಷ್ಟು ಅಲುಗಿಸಿದರೂ ಹಸಿ ಮಣ್ಣು ಬಿಡುತ್ತಿರಲಿಲ್ಲ. ಬೆಳಗಿನಿಂದ ಅವಳು ಕಲ್ಲು ಎಂದುಕೊಂಡು ಹೊತ್ತು ಹೊರಗೆ ಸುರಿದದ್ದರಲ್ಲಿ ಅರ್ಧ ಮಣ್ಣೇ ಆಗಿತ್ತು. ಮುದುಕ ಒಂದು ಕಲ್ಲನ್ನು ಉಗುರಿನಿಂದ ಕೆರೆದ.

"ನಾನೂ ಇದನ್ನೇ ಮಾಡಿದ್ದು ಮಗಾ. ಮಳೆ ಬಿದ್ದು ಎರಡು ದಿನ ಆಗಿರ್ಲಿಲ್ಲ. ಬಾಡಿಗೆ ಯಂತ್ರ, ಊರೆಲ್ಲ ನೋಡ್ತಿತ್ತು. ಬ್ಲೇಡ್ ತಗ್ಗಿಸಿ ನೂಕಿದ್ದೇ ನೂಕಿದ್ದು. ಕಲ್ಲಿನ ಜೊತೆ ಮೇಲಿನ ಕಪ್ಪು ಮಣ್ಣಷ್ಟೂ ಹೋಯ್ತು. ಚಪ್ಪಾಳೆ ಕೇಳ್ತಿದ್ದವನಿಗೆ ಕಣ್ಣೆಲ್ಲಿರುತ್ತೆ?"

ಅವನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಹಾಫಿಯಾಳಿಗೆ ಅಪ್ಪನ ಮೇಲೆ ಕನಿಕರವೂ ತನ್ನ ಮೇಲೆ ಸಿಟ್ಟೂ ಒಟ್ಟಿಗೇ ಬಂತು. ಬೇಲಿಯ ಕಡೆ ನೋಡಿದಳು. ಆ ಕಲ್ಲಿನ ಕೋಟೆಯ ಮೇಲೆ ತುರುಚೆ ಗಿಡ, ಕಾಡು ರಾಸ್ಪ್‌ಬೆರಿ, ಆಳೆತ್ತರದ ಹುಲ್ಲಿನ ಒಣ ದಂಟು. ಹೊಲದಲ್ಲಿ ಏನೂ ಬೆಳೆಯದ ಕಡೆ ಕಲ್ಲಿನ ರಾಶಿಯ ಮೇಲೆ ಕಾಡೇ ಎದ್ದಿತ್ತು.

"ಹಾಗಾದ್ರೆ ಮಣ್ಣು ಎಲ್ಲೂ ಹೋಗಿಲ್ಲಪ್ಪ. ಅದರೊಳಗೇ ಇದೆ."

ಮುದುಕನಿಗೆ ತಕ್ಷಣ ಅರ್ಥವಾಯಿತು, ಮುಖ ಕೆಂಪಾಯಿತು. "ಆ ಸಾಲನ್ನ ಮುಟ್ಟಿದ್ರೆ ನೋಡು! ನನ್ನ ದಡ್ಡತನ ಬಗೆದು ಊರಿಗೆಲ್ಲ ತೋರಿಸ್ತೀಯಾ?"

"ತೋರಿಸ್ತೀನಿ. ಕೈ ಕಡಿದವನು ನೀನೇ. ಮೆಟ್ರೋ ದನಕ್ಕೆ ಈ ನೆಲ ಬಿಡೋಳಲ್ಲ ನಾನು."

ಅಪ್ಪ ಟ್ರಕ್ಕಿನ ಬಾಗಿಲು ಧಡ್ ಎಂದು ಹಾಕಿಕೊಂಡು ಹೊರಟುಹೋದ. ಅವತ್ತಿನಿಂದ ಊಟದ ಮೇಜಿನಲ್ಲೂ ಮಾತಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಕಾಯುವ ಕೆಲಸ. ಮಣ್ಣು ಒಣಗಬೇಕಿತ್ತು. ಹಾಫಿಯಾ ಬೆಳಿಗ್ಗೆ ಎದ್ದು ಹಿಡಿ ಮಣ್ಣು ಹಿಸುಕುವಳು, ಅದು ಉಂಡೆಯಾದರೆ ಬೈದು ಮನೆಗೆ ಬರುವಳು. ಬೇರೆಯವರ ಬಿತ್ತನೆ ಶುರುವಾಯಿತು. ಮೆಟ್ರೋ ದಿನಾ ಗೇಟಿನ ಹತ್ತಿರ ಟ್ರ್ಯಾಕ್ಟರ್ ನಿಧಾನ ಮಾಡಿ, "ಯಂತ್ರ ಮೊಟ್ಟೆಗೆ ಕೂತಿದೆಯೇನೇ ಹಾಫಿಯಾ? ಮರಿ ಯಾವಾಗ?" ಎಂದು ಕೇಳುವನು. ಅವಳಿಗೆ ಮೈ ಉರಿಯುತ್ತಿತ್ತು, ಆದರೂ ಲೋಡರಿನ ಕೀಲಿಯನ್ನು ಮುಟ್ಟಲಿಲ್ಲ. ಕೊನೆಗೆ ಮೇ ತಿಂಗಳ ನಡುವೆ ಪಶ್ಚಿಮದ ಒಣಗಾಳಿ ಎದ್ದು ಮೂರು ದಿನ ಬೀಸಿತು. ನಾಲ್ಕನೆಯ ದಿನ ಹಿಸುಕಿದ ಮಣ್ಣು ಬೆರಳ ಸಂದಿಯಿಂದ ಉದುರಿತು.

ಅವಳು ನೇರವಾಗಿ ಕೋಟೆಗೇ ನುಗ್ಗಿದಳು. ತುರುಚೆಯ ಬೇರು ಕಿತ್ತು ಬಂತು, ಬಕೆಟ್ ಕಲ್ಲುಗಳ ಬುಡಕ್ಕೆ ಹೊಕ್ಕಿತು, ಯಂತ್ರದ ಹಿಂಭಾಗ ನೆಲ ಬಿಟ್ಟು ಎದ್ದಿತು. ಎತ್ತಿ ಅಲುಗಿಸಿದಳು. ಹಳಿಗಳ ಮೇಲೆ ಕಲ್ಲು ಗಡಗಡ ಉರುಳಿದವು, ಸಂದಿನಿಂದ ಮಣ್ಣು ಧಾರೆಯಾಗಿ ಸುರಿಯಿತು. ಕಾಫಿ ಪುಡಿಯಂಥ ಕಪ್ಪು, ಹಗುರ ಮಣ್ಣು. ಹಾಫಿಯಾ ಸೀಟಿನಲ್ಲಿ ಕೂತೇ "ಹೋ!" ಎಂದು ಕೂಗಿದಳು, ಕೇಳಲು ಯಾರೂ ಇಲ್ಲದಿದ್ದರೂ ಮತ್ತೊಮ್ಮೆ ಕೂಗಿದಳು.

ಕೇಳಲು ಒಬ್ಬನಿದ್ದ. ಪ್ರೊಕೀಪ್ ಬೇಲಿ ಹಿಡಿದು ನಿಂತಿದ್ದ. ಯಾವಾಗ ಬಂದನೋ ಗೊತ್ತಿಲ್ಲ. ಅವನು ನಿಧಾನವಾಗಿ ಬಂದು ಆ ಮಣ್ಣಿನ ಗುಡ್ಡೆಯ ಮುಂದೆ ಮಂಡಿಯೂರಿದ, ಎರಡೂ ಕೈ ಮೊಣಕೈವರೆಗೆ ಒಳಗೆ ಹಾಕಿದ.

"ಬದುಕಿದೆಯಲ್ಲೇ ಇದು!" ಎಂದ. ಗಡ್ಡದ ಮೇಲೆ ಕಣ್ಣೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮರುದಿನದಿಂದ ಅವನು ಟೋಪಿ ಬೀಸಿ ದಾರಿ ತೋರಿಸುವ ಕೆಲಸಕ್ಕೆ ನಿಂತ. ಎಡಕ್ಕೆ, ಬಲಕ್ಕೆ, ಎತ್ತು, ಅಲುಗಿಸು, "ಅಯ್ಯೋ ನಿಧಾನ ಕಣೇ, ಅಷ್ಟು ಆತುರಕ್ಕೆ ಏನು ಮದುವೆಗೆ ಹೋಗ್ಬೇಕಾ?" ಎಂದು ಬೈಗುಳ ಬೇರೆ. ಕಲ್ಲೆಲ್ಲ ಜೌಗಿನ ಹಳ್ಳಕ್ಕೆ ಹೋಯಿತು, ಮಣ್ಣೆಲ್ಲ ಬೋಳಿನ ಮೇಲೆ ಹರಡಿತು. ಕಲ್ಲು ಉಜ್ಜಿ ಉಜ್ಜಿ ಹಳಿಗಳು ಬೆಳ್ಳಿಯ ಹಾಗೆ ಹೊಳೆದವು. ನಡುವೆ ಎಣ್ಣೆಯ ಪೈಪು ಎರಡು ಸಲ ಒಡೆಯಿತು, ಹಾಫಿಯಾಳ ಸೊಂಟ ಹಿಡಿದುಕೊಂಡಿತು, ಅವಳು ಬೆನ್ನಿಗೆ ಕರಡಿ ಕೊಬ್ಬು ತಿಕ್ಕಿಸಿಕೊಂಡು ಮತ್ತೆ ಹತ್ತಿದಳು. ಮೇ ಕೊನೆಯ ದಿನ ಓಟ್ಸ್ ಬಿತ್ತಿ ಮುಗಿಯಿತು. ಅವತ್ತು ರಾತ್ರಿ ಮಳೆ ಬಂತು.

ಪೀಟರ್ ಹಬ್ಬದ ಪೂಜೆ ಮುಗಿದದ್ದೇ ಇಡೀ ಚರ್ಚು ಹೊಸ ಬಟ್ಟೆಯಲ್ಲೇ ಪ್ರೊಕೀಪನ ಬೇಲಿಗೆ ಬಂದು ನಿಂತಿತು. ಹತ್ತು ಎಕರೆಯೂ ಒಂದೇ ಹಸಿರು, ಗಾಳಿಗೆ ತೂಗುತ್ತಿತ್ತು. ಮೆಟ್ರೋ ಬೇಲಿ ದಾಟಿ ಹೊಲದ ನಡುವಿಗೆ ನಡೆದ. ಬದಿಯಲ್ಲಿ ಚೆನ್ನಾಗಿದ್ದು ಒಳಗೆ ಬೋಳಾಗಿರಬಹುದು ಎಂಬ ಆಸೆ ಅವನಿಗೆ ಇನ್ನೂ ಇತ್ತು. ನಡುವಿನಲ್ಲಿ ಪೈರು ಅವನ ಮೊಣಕಾಲಿಗೂ ಮೇಲೆ, ತೊಡೆಗೆ ತಾಗುತ್ತಿತ್ತು. ಅವನು ಬಗ್ಗಿ ಹಿಡಿ ಮಣ್ಣು ಎತ್ತಿ ಬಹಳ ಹೊತ್ತು ನೋಡಿದ. ಆಮೇಲೆ ಹ್ಯಾಟು ತೆಗೆದ.

"ಪ್ರೊಕೀಪ್ ಮಾವ," ಎಂದು ಅಲ್ಲಿಂದಲೇ ಕೂಗಿದ, "ನಿನ್ನನ್ನ ನೋಡಿ ನಮ್ಮಪ್ಪನೂ ಹಾಗೇ ನೂಕಿಸಿದ್ದ. ನಮ್ಮ ಬೇಲೀಲೂ ಅಂಥದ್ದೇ ಸಾಲಿದೆ. ಅದರೊಳಗೂ ಇದೇ ಮಣ್ಣಿರುತ್ತಾ?"

"ಇರುತ್ತೆ," ಎಂದ ಮುದುಕ, ಇಡೀ ಊರಿಗೆ ಕೇಳುವ ಹಾಗೆ. "ದಡ್ಡತನ ನಂದು, ನೀವೆಲ್ಲ ಕಲಿತ್ರಿ. ಆದ್ರೆ ಈಗ ನನ್ನನ್ನೇನು ಕೇಳ್ತೀಯ? ಹೊಲದ ಒಡತಿ ಅಲ್ಲಿದಾಳೆ, ಅವಳನ್ನ ಕೇಳು."

ಮೆಟ್ರೋ ತಿರುಗಿದ. ಹ್ಯಾಟು ಇನ್ನೂ ಕೈಯಲ್ಲೇ ಇತ್ತು. "ಹಾಫಿಯಾ, ನಿನ್ನ ಯಂತ್ರ ನಮ್ಮನೆಗೂ ಬರುತ್ತಾ?"

"ಬರುತ್ತೆ," ಎಂದಳು ಹಾಫಿಯಾ. "ಮೊದಲು ನನ್ನ ಹೊಲದಿಂದ ಆಚೆ ಬಾ. ಪೈರು ತುಳೀತಿದ್ದೀಯ."

ಆರಡಿ ಎತ್ತರದ ಮೆಟ್ರೋ ಹಬ್ಬದ ಬೂಟನ್ನು ಒಂದೊಂದಾಗಿ ಎತ್ತಿ, ಸಾಲಿನ ಸಂದಿ ಹುಡುಕಿ ಹುಡುಕಿ ಇಡುತ್ತ ಬೇಲಿಯವರೆಗೂ ಬಂದ, ಊರೆಲ್ಲ ನೋಡುತ್ತಿರುವಾಗ ಒಂದು ದಂಟನ್ನೂ ಮುರಿಯದೆ.